ಸ್ಕಾಟ್ಲೆಂಡಿನ ಹೀಟರ್

ನರಸಿಂಹರಾಜಪುರದಲ್ಲಿ, ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಅಲೆಮಾರಿ ಮಹೇಶ್ವರನ ಕಿವಿ, ಪಕ್ಕದ ಬೆಂಚಿನ ಜಲಜಮ್ಮ ಮತ್ತು ಅವರ ತಮ್ಮನ ಮಗಳು ನಿಶ್ಚಿತಾಳ ಮಾತಿನತ್ತ ತಾನಾಗಿ ವಾಲಿತು.

“ಸ್ಕಾಟ್ಲೆಂಡಿನ ಮಗಳ ಮನೇಲಿ ಹೀಟರ್ ಇದ್ದೂ ನಡುಗಿದ್ರಂತಲ್ಲ, ಅತ್ತೆ?”

“ಅದು ರಾತ್ರಿ ಕರೆಂಟು ಕುಡಿದು ಹಗಲು ಬಿಸಿ ಕೊಡೋ ಹೀಟರ್ ಮಾರಾಯ್ತಿ. ನಾನು ದಿನಾ ಮಲಗೋವಾಗ ಸ್ವಿಚ್ ಆರಿಸಿ, ಬೆಳಿಗ್ಗೆ ಹಾಕ್ತಿದ್ದೆ. ಸಂಗತಿ ತಿಳಿದದ್ದು ಹೊರಡೋ ದಿನ.”

“ಅಯ್ಯೋ! ಅಳಿಯಂಗೆ ಹೇಳಿದ್ರಾ?”

“ಎಂತ ಹೇಳೋದು? ಹೀಟರ್ ಹಾಳಾಗಿದೆ ಅಂತ ಅವರು ಮನೇನೇ ಬದಲಾಯಿಸ್ತಿದಾರೆ.”

“ಹೊಸ ಮನೇಲಿ?”

“ಅಂಥದ್ದೇ ಹೀಟರ್. ನನ್ನನ್ನ ಮತ್ತೆ ಕರೆದಿದಾರೆ.”

“ಈ ಸಲನಾದ್ರೂ…”

“ಇನ್ನು ಸ್ವಿಚ್ ಮುಟ್ಟಿದ್ರೆ ಕೇಳು!”

ಒಳಗಿನಿಂದ ಕರೆ ಬಂದಿತು. ಇಬ್ಬರೂ ಎದ್ದರು. ಬಾಗಿಲು ದಾಟುವಾಗ ಜಲಜಮ್ಮನ ಕೈ ಅಭ್ಯಾಸಬಲದಿಂದ ಗೋಡೆಯತ್ತ ಹೋಯಿತು; ಮಹೇಶ್ವರನ ತಲೆಯ ಮೇಲಿನ ಫ್ಯಾನು ನಿಂತಿತು.