ಕೂತುಬಿಟ್ಟ ಹೆಂಗಸು

ಅಧ್ಯಕ್ಷರಾದ ಶಿವಸುಬ್ರಹ್ಮಣ್ಯ ರಾಯರೇ, ವೇದಿಕೆಯ ಹಿರಿಯರೇ, ಬಸ್ಸು ಬರುವವರೆಗೆ ಮಾತ್ರ ಕೇಳಲು ಕೂತಿರುವ ಸಭಿಕರೇ,

ಬೆಳ್ತಂಗಡಿಯ ಈ ಹೊಸ ಬಸ್ ನಿಲ್ದಾಣದ ಗೋಡೆಗೆ ಚಿತ್ರ ಮಾಡಿದೆನೆಂದು ನನಗೆ ಶಾಲು ಹೊದಿಸಿದ್ದೀರಿ. ಅದೇ ಉಸಿರಿನಲ್ಲಿ ಅಧ್ಯಕ್ಷರು, "ಟೀಚರು ಒಪ್ಪಿದರೆ ನಾಳೆಯೇ ಅದನ್ನು ಕಿತ್ತು ಸರಿ ಮಾಡಿಸುವ" ಎಂದೂ ಹೇಳಿದ್ದಾರೆ. ಇಂಥ ಸನ್ಮಾನ ಇನ್ನಾರಿಗೆ ಸಿಕ್ಕೀತು?

ಪರದೇಶದಲ್ಲಿ ನೆಲದಡಿಯ ರೈಲು ನಿಲ್ದಾಣಗಳ ಗೋಡೆಗೆ ಪಿಂಗಾಣಿ ಬಿಲ್ಲೆಗಳ ಚಿತ್ರ ಹಚ್ಚುತ್ತಾರೆಂದು ಪತ್ರಿಕೆಯೊಂದರಲ್ಲಿ ನೋಡಿದ್ದೆ. ನಮ್ಮೂರಿಗೆ ನೆಲದ ಮೇಲೆಯೇ ರೈಲಿಲ್ಲ. ಎಂ.ಎ. ಓದಿದವಳು ಅಷ್ಟಕ್ಕೆ ಸುಮ್ಮನಿರುತ್ತಾಳೆಯೇ? ಬಸ್ಸಿಗೆ ಕಾದು ನಿಂತ ನೀಳ ಕೊರಳಿನ ಹೆಂಗಸೊಬ್ಬಳನ್ನು ಬಿಲ್ಲೆಗಳ ಮೇಲೆ ಬರೆದೆ. ಬಂಟ್ವಾಳದ ಹೆಂಚಿನ ಗೂಡಿನಲ್ಲಿ ಸುಡಿಸಿದೆ. ಮನೆಗಳ ಮಾಡಿಗೆ ಹೆಂಚು ಹೊದಿಸುವ ಹುಕ್ರಪ್ಪನಿಗೆ ಗೋಡೆಯನ್ನು ಒಪ್ಪಿಸಿ, ಪಾಠ ಮಾಡಲು ಮೂಡುಬಿದಿರೆಗೆ ಹೋದೆ.

ಹುಕ್ರಪ್ಪ ಮಾಡಿಗೆ ಹೆಂಚು ಹಾಕುವಂತೆಯೇ ಕೆಳಗಿನಿಂದ ಶುರುಮಾಡಿ, ಒಂದರ ಮೇಲೊಂದು ಹತ್ತಿಸಿ ಹಚ್ಚಿದ. ಪ್ರತಿ ಸಾಲಿನ ತಲೆಯನ್ನು ಮೇಲಿನ ಸಾಲು ನುಂಗಿತು. ನಾನು ಬಂದು ನೋಡಿದರೆ ಹೆಂಗಸಿಗೆ ಕೊರಳಿಲ್ಲ, ಸೊಂಟವಿಲ್ಲ, ಕಾಲು ಮಡಚಿದ ಹಾಗೆ ಮೋಟಾಗಿದೆ.

"ಇದೆಂಥದು ಹುಕ್ರಪ್ಪ?"

"ಹತ್ತಿಸದಿದ್ರೆ ನೀರು ಸೋರುದಿಲ್ವಾ ಟೀಚರೇ?"

"ಇದು ಗೋಡೆ ಮಾರಾಯ, ಮನೆಯ ಮಾಡು ಅಲ್ಲ!"

ಅವನು ಹಿಂದೆ ಸರಿದು ನೋಡಿದ. ತಲೆ ಕೆರೆದುಕೊಂಡ. "ಹೌದಲ್ಲಾ... ಆದ್ರೂ ಚಂದ ಕೂತಿದ್ದಾಳೆ ಅಲ್ವಾ?"

ಅಲ್ಲೇ ಮಲ್ಲಿಗೆ ಮಾರುತ್ತಿದ್ದ ಸೇಸಮ್ಮ, "ಪಾಪ, ಮಡಂತ್ಯಾರಿನ ಬಸ್ಸಿಗೆ ಕಾದು ಕಾದು ಕೂತೇ ಬಿಟ್ಟಳು" ಎಂದಳು. ನಿಲ್ದಾಣವಿಡೀ ನಕ್ಕಿತು. ನಾನೊಬ್ಬಳು ನಗಲಿಲ್ಲ.

ಏಕೆ ನಗಲಿಲ್ಲ? ಇಪ್ಪತ್ತರ ಹರೆಯದಲ್ಲಿ, ಅದೇ ಮಡಂತ್ಯಾರಿನಲ್ಲಿ, ಒಬ್ಬರು ಸಂಜೆಯ ಬಸ್ಸಿಗೆ ಬರುತ್ತೇನೆ ಎಂದಿದ್ದರು. ಬಸ್ಸು ಬಂತು. ಮರುದಿನದ್ದೂ ಬಂತು. ಬಸ್ಸುಗಳನ್ನು ದೂರುವಂತಿಲ್ಲ. ಅಲ್ಲೊಂದು ಬೆಂಚು ಇತ್ತು; ನಾನು ಕೂರಲಿಲ್ಲ. ಕಾಯುವವಳು ನಿಂತೇ ಕಾಯಬೇಕೆಂದು ಕವಿತೆಗಳನ್ನು ಓದಿ ತಿಳಿದುಕೊಂಡಿದ್ದೆ. ಆಮೇಲೆ ಎಂ.ಎ. ಮಾಡಿದೆ, ಬೇರೆ ಕೆಲಸವಿರಲಿಲ್ಲ. ಇರಲಿ, ಇದು ವಿಷಯಾಂತರ. ಆಗ ನನ್ನ ಕೊರಳೂ ನೀಳವಾಗಿತ್ತು ಎಂಬುದು ಇನ್ನೂ ದೊಡ್ಡ ವಿಷಯಾಂತರ.

ಅಧ್ಯಕ್ಷರೇ, ನೀವು ನನ್ನ ಒಪ್ಪಿಗೆ ಕೇಳಿದಿರಿ. ಇಲ್ಲಿ ಮಾತಿಗೆ ನಿಲ್ಲುವವರೆಗೂ ನನ್ನ ಉತ್ತರ 'ಕಿತ್ತುಬಿಡಿ' ಎಂದೇ ಇತ್ತು. ಈಗ ಹೇಳುತ್ತೇನೆ: ದಯವಿಟ್ಟು ಅವಳನ್ನು ಎಬ್ಬಿಸಬೇಡಿ. ನಾನು ನಿಲ್ಲಿಸಿಯೇ ಇಟ್ಟಿದ್ದೆ, ಹುಕ್ರಪ್ಪ ಕೂರಿಸಿದ. ಅವಳು ನಿಂತದ್ದು ಸಾಲದೇ?

ಶಾಲಿಗೆ, ಸೇಸಮ್ಮನ ನಾಲಿಗೆಗೆ, ನಿಮ್ಮ ತಾಳ್ಮೆಗೆ ವಂದನೆಗಳು. ನನ್ನ ಹಿಂದೆಯೇ ಒಂದು ಕುರ್ಚಿ ಉಂಟು. ನಾನೂ ಕೂರುತ್ತೇನೆ. ನಮಸ್ಕಾರ.