ಐದನೆಯ ಗೆರೆ

ಒಂದು. ಕೀಲಿ ಸತ್ತದ್ದು ಮಂಗಳವಾರ, ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ... ಏಳಬೇಡಿ ಅಪ್ಪ, ಕೂತುಕೊಳ್ಳಿ. ಷಟರ್ ಅರ್ಧ ಇಳಿಸಿದ್ದೇನೆ, ಗಿರಾಕಿಗಳು ಯಾರೂ ಬರುವುದಿಲ್ಲ. ನಾನು ಜಗಳಕ್ಕೆ ಬಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ಕೈ ಎತ್ತಿ.

ಎರಡು. ಅದಕ್ಕೆ ಹನ್ನೊಂದು ವರ್ಷ. ಬೆಕ್ಕಿನ ಲೆಕ್ಕದಲ್ಲಿ ಮುದುಕಿ, ಒಪ್ಪುತ್ತೇನೆ. ಆದರೆ ಸಾಯಲು ಕೂತ ಮುದುಕಿಯಲ್ಲ.

ಮೂರು. ಸಕ್ಕರೆ ಕಾಯಿಲೆ ಬಂದು ಏಳು ತಿಂಗಳು. ಡಾಕ್ಟರಮ್ಮ ಬರೆದುಕೊಟ್ಟದ್ದು ಇನ್ಸುಲಿನ್: ಬೆಳಿಗ್ಗೆ ಏಳಕ್ಕೆ ಎರಡು ಯೂನಿಟ್, ಸಂಜೆ ಏಳಕ್ಕೆ ಎರಡು ಯೂನಿಟ್, ಹೊಟ್ಟೆಗೆ ಬಿದ್ದ ಮೇಲೆ.

ನಾಲ್ಕು. ಸಿರಿಂಜಿಗೆ ಔಷಧಿ ಎಳೆಯುವವಳು ನಾನು, ಚುಚ್ಚುವವರು ನೀವು. ಏಕೆಂದರೆ ನಾನು ಔಷಧಶಾಸ್ತ್ರ ಓದಿದವಳು. ನೀವು ನಲವತ್ತು ವರ್ಷ ಗಡಿಯಾರದ ಹೊಟ್ಟೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದವರು. ನೀವು ಸೂಜಿ ಚುಚ್ಚಿದ್ದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಐದು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಔಷಧಿ ಹೆಚ್ಚಾಗಿದೆ, ರಕ್ತದಲ್ಲಿ ಸಕ್ಕರೆಯೇ ಉಳಿದಿಲ್ಲ" ಎಂದರು. ನೀವು ತಕ್ಷಣ, "ನನ್ನ ಕೈ ನಡುಗಿತು ಡಾಕ್ಟ್ರೇ, ಜಾಸ್ತಿ ಹೋಗಿಬಿಡ್ತು" ಎಂದಿರಿ. ಯಾರೂ ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ನೀವೇ ಹೆಗಲು ಮುಟ್ಟಿ ನೋಡಿಕೊಂಡಿರಿ.

ಈ ಐದನೆಯದು ಸುಳ್ಳು. ಅದನ್ನು ಹೇಳಲು ಬಂದಿದ್ದೇನೆ.

ಯಾಕೆ ನಗುತ್ತೀರಿ? ಹೌದು, ಸುತ್ತೋಲೆ! ಅಣ್ಣ ಇಟ್ಟ ಹೆಸರು ಸರಿಯಾಗಿಯೇ ಇದೆ. "ಸುತ್ತೋಲೆ ಬಂತು, ಎಲ್ಲರೂ ಸಹಿ ಹಾಕಿ" ಅಂತಾನೆ ನಾನು ಬಾಯಿ ತೆರೆದರೆ. ಆಗಲಿ. ಆದರೆ ಆ ಅಣ್ಣನೇ ನಾಳೆ ಬೆಳಿಗ್ಗೆ ಟೆಂಪೋ ತರುತ್ತಿದ್ದಾನೆ, ಗೊತ್ತಲ್ಲ? ಈ ಮೇಜು, ಈ ಚಿಮಟಗಳು, ನಿಮ್ಮ ಭೂತಗನ್ನಡಿ, ಎಲ್ಲವನ್ನೂ ಒಯ್ಯುತ್ತಾನೆ. "ಕೈ ನಡುಗೋಕೆ ಶುರುವಾದ ಮೇಲೆ ಗಡಿಯಾರದಂಗಡಿ ಯಾಕಮ್ಮಾ" ಎಂದು ಅಮ್ಮನಿಗೆ ಹೇಳಿದ. ಮೊಬೈಲ್ ಕವರ್ ಮಾರುವವನಿಗೆ ಮಾತು ಕೊಟ್ಟೂ ಆಯಿತು. ಅಮ್ಮ ನಾಲ್ಕು ದಿನದಿಂದ ನಿಮಗೆ ಟೀ ಎಷ್ಟು ಕೊಡುತ್ತಿದ್ದಾಳೆ, ನೋಡಿದ್ದೀರಾ? ಅರ್ಧ ಲೋಟ. ಚೆಲ್ಲಿಕೊಂಡಾರು ಎಂದು! ಕತ್ತರಿ ಅಟ್ಟ ಸೇರಿದೆ. ನೀವು... ಆ ಅರ್ಧ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತೀರಿ. ಏನು ನಾಟಕ ಅಪ್ಪ ಇದು?

ಕೇಳಿ, ಇದು ಬರೀ ತರ್ಕ. ಚಿಕ್ಕ ಮಗುವಿಗೂ ಅರ್ಥವಾಗುವಂಥದ್ದು. ಸಿರಿಂಜಿನೊಳಗೆ ಎಷ್ಟು ಇದೆಯೋ ಅಷ್ಟೇ ಹೊರಗೆ ಹೋಗಲು ಸಾಧ್ಯ. ಕೈ ನಡುಗಿದರೆ ಕಡಿಮೆ ಹೋದೀತು, ಚರ್ಮದ ಮೇಲೆ ಚೆಲ್ಲೀತು, ರೋಮಕ್ಕೆ ಅಂಟೀತು. ಹೆಚ್ಚು ಹೋಗುವುದು ಹೇಗೆ? ಬಾವಿಯಲ್ಲಿ ಇಲ್ಲದ್ದು ಕೊಡದಲ್ಲಿ ಎಲ್ಲಿಂದ ಬಂತು? ಡಾಕ್ಟರಮ್ಮ ಗಾಬರಿಯಲ್ಲಿ ನಂಬಿದರು. ಅಣ್ಣ ಹೇಗೂ ಅಂಗಡಿ ಖಾಲಿಯಾಗಲಿ ಎಂದು ಕಾಯುತ್ತಿದ್ದ. ನಾನು ಒಪ್ಪುವುದಿಲ್ಲ. ನಿಮ್ಮ ಕೈಯಿಂದ ಇದು ಆಗಿಲ್ಲ. ಆಗಲು ಸಾಧ್ಯವೇ ಇಲ್ಲ.

ಮತ್ತೆ ಹೇಗಾಯಿತು ಅಂತ ತಾನೆ ನೋಡುತ್ತಿದ್ದೀರಿ? ಫ್ರಿಜ್ಜಿನಿಂದ.

ಹೌದು, ಫ್ರಿಜ್ಜಿನಿಂದ. ತಿಂಗಳ ಹಿಂದೆ ಸೆಕೆ ಜೋರಾದಾಗ ಅಮ್ಮ ಒಳಗಿನ ಗುಂಡಿಯನ್ನು ತಿರುಗಿಸಿದಳು, ನೀರು ಬೇಗ ತಣ್ಣಗಾಗಲಿ ಎಂದು. ಮೂರರಲ್ಲಿ ಇದ್ದದ್ದು ಏಳಕ್ಕೆ ಹೋಯಿತು. ಇನ್ಸುಲಿನ್ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ಕಣ್ಣಿಗೆ ಮೊದಲಿನಂತೆಯೇ ಕಂಡೀತು, ಒಳಗೆ ಶಕ್ತಿ ಸತ್ತಿರುತ್ತದೆ. ಹಾಗಾಗಿ ನಾಳೆ ಅಣ್ಣ ಬಂದಾಗ ನೀವು ಹೇಳಬೇಕಾದದ್ದು ಒಂದೇ ವಾಕ್ಯ: ಔಷಧಿ ಫ್ರಿಜ್ಜಿನಲ್ಲಿ ಕೆಟ್ಟಿತ್ತು. ಅಷ್ಟೇ. ಅದು ಯಾರ ತಪ್ಪೂ ಅಲ್ಲ. ಅಮ್ಮನಿಗೆ ಗೊತ್ತಿರಲಿಲ್ಲ, ನಿಮ್ಮ ಕೈ ನಡುಗಲಿಲ್ಲ, ನಾನು... ನಾನು ಅಳತೆ ತಪ್ಪಲಿಲ್ಲ.

ಏನು?

ತಲೆಯಾಡಿಸಿ ಅಪ್ಪ. ಇದರಲ್ಲಿ ಯೋಚಿಸಲು ಏನಿದೆ?

ಯಾಕೆ ಹಾಗೆ ನೋಡುತ್ತೀರಿ? ಶಕ್ತಿ ಸತ್ತ ಔಷಧಿ ಸಕ್ಕರೆಯನ್ನು ಏರಿಸೀತು, ಪೂರ್ತಿ ಇಳಿಸುವುದು ಹೇಗೆ ಎಂದೇ? ಅದು... ಅದನ್ನು ಅಣ್ಣ ಕೇಳುವುದಿಲ್ಲ. ಅವನಿಗೆ ಅಷ್ಟು ತಾಳ್ಮೆ ಎಲ್ಲಿದೆ? ಮತ್ತೆ... ಹೌದು, ಮಂಗಳವಾರದ ಸೀಸೆ ಹೊಸದು. ಹಳೆಯದು ಸೋಮವಾರವೇ ಮುಗಿದಿತ್ತು, ನೆನಪಿದೆ. ನನಗೆ ನೆನಪಿಲ್ಲದೇ ಇರುತ್ತದೆಯೇ? ಸೀಲು ಒಡೆದವಳು ನಾನೇ.

ಈಗ ಡ್ರಾಯರು ಯಾಕೆ ಎಳೆಯುತ್ತಿದ್ದೀರಿ? ಮಾತಾಡುವಾಗ ಕೆಲಸ ಬೇಡ. ಏನದು? ಯಾರದೋ ಗ್ಯಾರಂಟಿ ಕಾರ್ಡೇ?

...

ಇದು ನಿಮಗೆಲ್ಲಿ ಸಿಕ್ಕಿತು?

ಇಲ್ಲ. ಔಷಧಿ ಲೆಕ್ಕದ ಈ ಹಾಳೆಯನ್ನು ನಾನು ಹರಿದಿದ್ದೆ. ಮಂಗಳವಾರ ಸಂಜೆ. ಹದಿನಾರು ಚೂರು, ಎಣಿಸಿದ್ದೇನೆ. ಇದೇ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದೆ, ಮೇಲೆ ಹಳೆ ವಾಚ್ ಪಟ್ಟಿಗಳ ಚೂರನ್ನೂ ಮುಚ್ಚಿದೆ. ನೀವು ಒಳಗೆ ಮಲಗಿದ್ದಿರಿ. ಮಲಗಿರಲಿಲ್ಲವೇ?

ಒಂದು ಸೀಳೂ ಕಾಣುವುದಿಲ್ಲ. ನನ್ನ ಅಂಕಿಗಳು ಎಲ್ಲೂ ಮುರಿದಿಲ್ಲ, ಎಂಟರ ಹೊಟ್ಟೆ ಸಹ ಕೂಡಿಕೊಂಡಿದೆ. ಚಿಮಟದಲ್ಲಿ ಹಿಡಿದು ಅಂಟಿಸಿದ್ದೀರಿ. ನಡುಗುವ ಕೈ... ನಡುಗುವ ಕೈ ಹೀಗೆ ಅಂಟಿಸುತ್ತದೆಯೇ ಅಪ್ಪ?

ಓದಬೇಕೇ? ಬೆರಳು ಇಡಬೇಡಿ, ಓದುತ್ತೇನೆ. ಎಲ್ಲಿದೆ ಎಂದು ನನಗೇ ಗೊತ್ತು. ಎರಡು, ಎರಡು, ಎರಡು. ಇಲ್ಲಿ ಸಕ್ಕರೆ ಮುನ್ನೂರ ಎಂಬತ್ತು. ಇಲ್ಲಿಂದ ಮೂರು. ಮೂರು, ಮೂರು. ಇಲ್ಲಿ ನಾಲ್ಕು. ಇಲ್ಲಿಂದ ಐದು. ಐದು, ಐದು, ಐದು. ಸೋಮವಾರ ಸಂಜೆ ಐದು. ಮಂಗಳವಾರ ಬೆಳಿಗ್ಗೆ...

ಹಳೆಯ ಸೀಸೆಯನ್ನು ನೀವು ಫ್ರಿಜ್ಜಿನ ಬಾಗಿಲಿನ ತಟ್ಟೆಯಲ್ಲಿಟ್ಟಿದ್ದಿರಿ. "ಬಾಗಿಲು ತೆಗೆದಾಗಲೆಲ್ಲ ಬಿಸಿಗಾಳಿ ತಾಗುತ್ತದೆ, ಇಷ್ಟೂ ತಿಳಿಯುವುದಿಲ್ಲವೇ" ಎಂದು ರೇಗಿ, ಹಿಂದಿನ ಗೋಡೆಗೆ ಒತ್ತಿ ಇಟ್ಟವಳು ನಾನು. ಅಮ್ಮ ಗುಂಡಿ ತಿರುಗಿಸಿದ ಮೂರನೆಯ ದಿನ ಅದು ಗೋಡೆಗೆ ಅಂಟಿಕೊಂಡಿತ್ತು. ಕಿತ್ತೆ. ಚೀಟಿಯ ಮೇಲೆ ಮಂಜು. ಅಂಗೈಯಲ್ಲಿಟ್ಟುಕೊಂಡು ಕರಗಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಹೊಸ ಸೀಸೆ ತರುತ್ತಿದ್ದೆವು, ಅಷ್ಟೇ. ಬೈಯುವವರೂ ಇರಲಿಲ್ಲ. ನೀವು ಯಾವತ್ತು ಬೈದಿದ್ದೀರಿ?

ಪದವಿ ಮುಗಿದು ಎರಡು ವರ್ಷ ಅಪ್ಪ. ಒಂಬತ್ತು ಕಡೆ ಸಂದರ್ಶನ. "ತಿಳಿಸುತ್ತೇವೆ" ಎಂದು ಒಂಬತ್ತು ಸಲ ಕೇಳಿದ್ದೇನೆ. ಈ ಲೋಕ ನನ್ನನ್ನು ನಂಬಿ ನನ್ನ ಕೈಗೆ ಕೊಟ್ಟದ್ದು ಒಂದೇ ಒಂದು: ಆ ಬೆಕ್ಕಿನ ಔಷಧಿ. ಅದನ್ನೂ ಕೆಡಿಸಿದೆ ಎಂದು ಹೇಗೆ ಹೇಳಲಿ? ಸಕ್ಕರೆ ಏರಿತು, ನಾನು ಸಿರಿಂಜಿನಲ್ಲಿ ಗೆರೆ ಏರಿಸಿದೆ. "ನೀನೇ ಲೆಕ್ಕ ಹಾಕಬೇಡಮ್ಮಾ, ಫೋನ್ ಮಾಡು" ಎಂದಿದ್ದರು ಡಾಕ್ಟರಮ್ಮ. ಅದು ನನಗೆ ಅವಮಾನ ಅನ್ನಿಸಿತ್ತು. ಫೋನ್ ಮಾಡಲಿಲ್ಲ. ಐದು ಯೂನಿಟ್ ಸತ್ತ ಔಷಧಿ. ಅದಾದ ಮೇಲೆ ಮಂಗಳವಾರ, ಐದು ಯೂನಿಟ್ ಜೀವಂತ ಔಷಧಿ.

ಗೊತ್ತಿತ್ತು. ನಿಮಗೆ ಆಗಲೇ ಗೊತ್ತಿತ್ತು. ಭೂತಗನ್ನಡಿ ಹಾಕಿಕೊಂಡು ಸಿರಿಂಜನ್ನು ಬೆಳಕಿಗೆ ಹಿಡಿದಿರಿ. "ಐದನೇ ಗೆರೆಗೆ ಬಂದಿದೆಯಲ್ಲಾ ಮಗಳೇ, ಹೊಸ ಸೀಸೆಗೂ ಇಷ್ಟೇನಾ?" ಅಂದಿರಿ. ಆಗ ನಾನು...

ನೀವೇ ಹೇಳಿ. ನಾನು ಏನಂದೆ?

"ನೀವು ಗಡಿಯಾರ ನೋಡಿಕೊಳ್ಳಿ ಅಪ್ಪ. ಓದಿದವಳು ನಾನು."

ಅದು ಅವತ್ತು ನಿಮ್ಮ ತೊಡೆಯ ಮೇಲಿತ್ತು. ಗುರುಗುರು ಎನ್ನುತ್ತಿತ್ತು, ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ. ಆ ಸದ್ದಿಗೇ ಅಲ್ಲವೇ ನೀವು ಆ ಹೆಸರಿಟ್ಟದ್ದು? ನೀವು ನನ್ನನ್ನು ನಂಬಿ ಚುಚ್ಚಿದಿರಿ. ಹತ್ತು ಗಂಟೆಗೆ ಅದು ಈ ಮೇಜಿನಿಂದ ಇಳಿಯಲು ಹೋಗಿ ಕಾಲು ಮಡಚಿ ಬಿತ್ತು. ನೀವು ನನಗೆ ನಾಲ್ಕು ಸಲ ಫೋನ್ ಮಾಡಿದಿರಿ. ನಾನು ಒಂಬತ್ತನೆಯ ಸಂದರ್ಶನದಲ್ಲಿದ್ದೆ, ನಾಲ್ಕು ಸಲವೂ ಕತ್ತರಿಸಿದೆ. ಒಸಡಿಗೆ ಜೇನು ಸವರಿ, ಟವೆಲಿನಲ್ಲಿ ಸುತ್ತಿ, ಚಪ್ಪಲಿಯಿಲ್ಲದೆ ಓಡಿದಿರಿ. ನಾನು ತಲುಪಿದಾಗ ಡಾಕ್ಟರಮ್ಮ ಔಷಧಿ ಹೆಚ್ಚಾಗಿದೆ ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ ಅಪ್ಪ. ನೀವು ನನ್ನನ್ನು ನೋಡಿದಿರಿ. ಆಮೇಲೆ ತಿರುಗಿ, "ನನ್ನ ಕೈ ನಡುಗಿತು" ಎಂದಿರಿ.

ನಾನು ಸುಮ್ಮನಿದ್ದೆ.

ಇವತ್ತು ಷಟರ್ ಇಳಿಸಿ ಬಂದದ್ದೂ ನಿನ್ನ ಅಂಗಡಿ ಉಳಿಸಲು ಅಲ್ಲ... ನಿನ್ನ ಸುಳ್ಳನ್ನು ಹೊತ್ತುಕೊಂಡು ನನಗೆ ಬದುಕಲು ಆಗುತ್ತಿರಲಿಲ್ಲ, ಇನ್ನೊಂದು ಹಗುರ ಸುಳ್ಳು ಬೇಕಿತ್ತು. ಫ್ರಿಜ್ಜಿನದು. ನೀನು ಒಂದು ಮಾತು ಆಡಬಾರದಾ ಅಪ್ಪ? ಬೈಯಬಾರದಾ? ಈ ಹಾಳೆ ಅಣ್ಣನ ಮುಂದೆ ಇಟ್ಟಿದ್ದರೆ ಅಂಗಡಿ ಉಳಿಯುತ್ತಿತ್ತು. ಅಂಟಿಸಿ ಅಂಟಿಸಿ ಡ್ರಾಯರಲ್ಲಿ ಇಟ್ಟುಕೊಂಡೆಯಲ್ಲ! ಯಾಕೆ? ಅದರ ಏಳು ತಿಂಗಳು ಇದರಲ್ಲಿದೆ ಅಂತಲಾ? ನನ್ನ ಅಕ್ಷರ ಅಂತಲಾ?

ತಲೆ ಸವರಬೇಡ. ಬೇಡ ಅಂದೆನಲ್ಲ... ತೆಗಿ ಕೈ.

ತೆಗೀಬೇಡ.

ಎಷ್ಟು ಗಟ್ಟಿ ಇದೆ ನಿನ್ನ ಕೈ.

ಅಮ್ಮಾ! ಅಮ್ಮಾ, ಟೀ ತಂದೆಯಾ? ನಿಲ್ಲು, ಒಳಗೆ ಹೋಗಿ ಲೋಟ ತುಂಬ ಹಾಕಿಕೊಂಡು ಬಾ. ಅಂಚಿನವರೆಗೆ. ಅಪ್ಪ ಚೆಲ್ಲುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೂತು ಕೇಳು. ಈ ಹಾಳೆಯನ್ನೂ ನೋಡು. ಕೇಳಿದ ಮೇಲೆ ನಿನ್ನ ಬಾಯಿಂದಲೇ ಅಣ್ಣನಿಗೆ ಹೇಳು, ಟೆಂಪೋದವನಿಗೆ ಬೇಡ ಎನ್ನುವ ಮೊದಲು ಯಾಕೆ ಬೇಡ ಎಂದು ಅವನಿಗೆ ತಿಳಿಯಲಿ. ಅಪ್ಪ, ನೀನು ಡಾಕ್ಟರಮ್ಮನಿಗೆ ಹೇಳು. ಆಸ್ಪತ್ರೆಯ ಬೆಂಚಿನ ಮೇಲೆ ಹಳದಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಕೂರುವ ಆ ಟೀಚರಿಗೂ ಹೇಳು, ಅದಕ್ಕೂ ಇದೇ ಔಷಧಿ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಕೊಡಬೇಡಿ, ಗೆರೆಯನ್ನು ನೀವೇ ಏರಿಸಬೇಡಿ, ಏನೇ ಅನುಮಾನವಿದ್ದರೂ ನಾಚಿಕೆ ಬಿಟ್ಟು ಫೋನ್ ಮಾಡಿ ಎನ್ನು. ಅವರು ಪಕ್ಕದಲ್ಲಿ ಕೂತವರಿಗೆ ಹೇಳಲಿ. ಯಾರಿಂದ ತಿಳಿಯಿತು ಎಂದು ಕೇಳಿದರೆ ಮರೆಮಾಚಬೇಡ. ನನ್ನ ಮಗಳಿಂದ ಎನ್ನು.