ಬೆರಳು ಕಾಣುವ ಫೋನು

ನಡುವಿನ ಕುರ್ಚಿಯಲ್ಲಿ ಕೂತಿರುವ ಅಧ್ಯಕ್ಷರೂ ನಮ್ಮ ಬಸ್ ನಿಲ್ದಾಣದ ವ್ಯವಸ್ಥಾಪಕರೂ ಆದ ಮಾನ್ಯರೇ, ನನ್ನ ನಿವೃತ್ತಿಯ ಈ ಸಂಜೆಯ ಮೈಕು, ಕುರ್ಚಿ, ತಿಂಡಿ ಎಲ್ಲದರ ಖರ್ಚು ಹೊತ್ತುಕೊಂಡ ಮೊಬೈಲ್ ಕಂಪನಿಯ ಅತಿಥಿಗಳೇ, ನನ್ನ ಜೊತೆ ಡೀಸೆಲ್ ಹೊಗೆ ಕುಡಿದ ಚಾಲಕರೇ, ನಿರ್ವಾಹಕರೇ, ಟಿಕೆಟ್ ಕೌಂಟರಿನವರೇ, ಮುಂದಿನ ಸಾಲಿನ ಕ್ಯಾಂಟೀನ್ ಅಕ್ಕನವರೇ, ಕೂರದೆ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿರುವ ಸಂಜೆ ಪಾಳಿಯವರೇ, ಸಭಿಕರೇ,

'ಪ್ರಯಾಣಿಕರ ಗಮನಕ್ಕೆ' ಎಂದು ಶುರು ಮಾಡದೆ ನಾನು ಮೈಕಿನಲ್ಲಿ ಮಾತಾಡುತ್ತಿರುವುದು ಇದೇ ಮೊದಲು. ಸ್ವಲ್ಪ ತಡವರಿಸಿದರೆ ಮನ್ನಿಸಬೇಕು. ನಿಮ್ಮ ನಿಲ್ದಾಣದ ಘೋಷಕಿಗೆ ಬಸ್ಸು ಹೊರಡಿಸಿ ಅಭ್ಯಾಸವೇ ಹೊರತು ತಾನೇ ಹೊರಟು ಅಭ್ಯಾಸವಿಲ್ಲ.

ಇನ್ನೊಂದಕ್ಕೂ ಮನ್ನಿಸಬೇಕು. ನನ್ನ ಕೈಗಳು ಸುಮ್ಮನೆ ನಿಲ್ಲುತ್ತಿಲ್ಲ. ಆಗಲೇ ಎರಡನೇ ಸಾಲಿನಲ್ಲಿ ಯಾರೋ ಯಾರಿಗೋ ಮೊಣಕೈ ತಿವಿದದ್ದನ್ನು ನೋಡಿದೆ. ಹೆದರಿಕೆಯಲ್ಲ ಇದು. ನಾನಿಲ್ಲಿ ಎರಡು ಕಡೆ ಮಾತಾಡುತ್ತಿದ್ದೇನೆ: ಬಾಯಿಂದ ನಿಮ್ಮ ಹತ್ತಿರ, ಕೈಯಿಂದ ನನ್ನ ತಂಗಿಯ ಹತ್ತಿರ. ನೀವು ಈಗ ತಾನೇ ನನ್ನ ಕೈಗಿತ್ತ ಹೊಸ ಫೋನು ಅಗೋ, ಮುಂದಿನ ಸಾಲಿನ ಸ್ಟೂಲಿನ ಮೇಲೆ ನೀರಿನ ಬಾಟಲಿಗೆ ಒರಗಿ ನಿಂತಿದೆ. ಅತಿಥಿಗಳೇ ತಮ್ಮ ಸಿಮ್ ಹಾಕಿ ಅದರಲ್ಲಿ ವಿಡಿಯೋ ಕಾಲ್ ಹಚ್ಚಿಕೊಟ್ಟರು. ಅದರೊಳಗೆ ಬೇರೊಂದು ಊರಿನಲ್ಲಿರುವ ನನ್ನ ತಂಗಿ ಇದ್ದಾಳೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು.

ಇದು ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಲ್ಲವೇ? ನನಗೊಬ್ಬಳು ತಂಗಿ ಇದ್ದಾಳೆ, ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಅಷ್ಟು ಗೊತ್ತು. ಮಿಕ್ಕಿದ್ದನ್ನು ನಾನೇ ಹೇಳಿಲ್ಲ. ಇವತ್ತೂ ಹೇಳಬೇಕೆಂದು ಬಂದವಳಲ್ಲ. ಐದು ನಿಮಿಷ ಮಾತಾಡಿ, ಎಲ್ಲರಿಗೂ ಧನ್ಯವಾದ ಹೇಳಿ ಇಳಿಯೋಣ ಎಂದಿದ್ದೆ. ಆದರೆ ಭಾಷಣ ಮುಗಿದ ಮೇಲೆ ಅತಿಥಿಗಳ ಕೈಯಲ್ಲಿರುವ ಆ ಪುಟ್ಟ ಯಂತ್ರದ ಮೇಲೆ ನಾನು ಹೆಬ್ಬೆರಳು ಒತ್ತಬೇಕಂತೆ. ಒತ್ತಿದರೆ ನನ್ನ ನಂಬರು ಅವರ ಕಂಪನಿಗೆ ಹೋಗುತ್ತದೆ, ಫೋನು ನನ್ನದಾಗುತ್ತದೆ, ಫೋಟೋ ತೆಗೆಯುತ್ತಾರೆ, ತಿಂಡಿ ಹಂಚುತ್ತಾರೆ. ನೀವೆಲ್ಲ ಕಾದಿರುವುದು ನನ್ನ ಮಾತಿಗಲ್ಲ, ನನ್ನ ಹೆಬ್ಬೆರಳಿಗೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಒಂದು ನಿಮಿಷ. ಅವಳು ಏನೋ ಹೇಳುತ್ತಿದ್ದಾಳೆ... ಚಿತ್ರ ನಿಂತುಬಿಟ್ಟಿತು. ಇರಲಿ. ಎಲ್ಲಿದ್ದೆ ನಾನು?

ಹಾಂ, ಫೋನು. ನನ್ನ ಹಳೆಯ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿರುವುದನ್ನು ನೋಡಿ ನೀವು ನಗುತ್ತಿದ್ದಿರಿ. ನನ್ನ ಬೆನ್ನ ಹಿಂದೆ 'ಜಿಪುಣಿ' ಎಂದದ್ದೂ ಕಿವಿಗೆ ಬಿದ್ದಿದೆ. ಗಾಜಿನ ಕೋಣೆಯಲ್ಲಿ ಕೂತವಳಿಗೆ ಕಿವಿ ಇರುವುದಿಲ್ಲವೇ? ಆಮೇಲೆ ಅದೇ ನೀವು ಕೈಯಿಂದ ಹಣ ಹಾಕಿ ಹೊಸ ಫೋನು ತಂದಿರಿ, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಪೆಟ್ಟಿಗೆ ತೆರೆದಾಗ ನನ್ನ ಕಣ್ಣು ತುಂಬಿದ್ದು ನಿಜ. ಆದರೆ ನಾನು ಕೇಳಿದ ಮೊದಲ ಪ್ರಶ್ನೆ ನೆನಪಿದೆಯೇ? "ಇದಕ್ಕೆ ನನ್ನ ಸಿಮ್ ಹಾಕಬಹುದಾ?" ಎಂದೆ. ಅತಿಥಿಗಳು, "ಇಲ್ಲ ಮೇಡಂ, ಎರಡು ವರ್ಷ ನಮ್ಮ ಸಿಮ್ ಬಿಟ್ಟು ಬೇರೆ ಯಾವುದೂ ಹಿಡಿಯಲ್ಲ. ಆಮೇಲೆ ಬೀಗ ತೆಗೀತೀವಿ" ಎಂದರು. "ವಿಡಿಯೋ ಕಾಲ್?" ಎಂದೆ. "ಬರುತ್ತೆ ಮೇಡಂ. ಈ ಪ್ಲಾನಿನಲ್ಲಿ ಚಿತ್ರ ಸ್ವಲ್ಪ ಮಬ್ಬಿರುತ್ತೆ, ಅಷ್ಟೇ. ಮೊಮ್ಮಕ್ಕಳ ಮುಖ ನೋಡೋಕೆ ಧಾರಾಳ ಸಾಕು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಮೊಮ್ಮಕ್ಕಳಿಲ್ಲ, ಸಭಿಕರೇ. ಮಕ್ಕಳೂ ಇಲ್ಲ. ನನಗಿರುವುದು ಇವಳೊಬ್ಬಳು.

ಚಿಕ್ಕಂದಿನಲ್ಲಿ ನಾವು ಬೀದಿಯಲ್ಲಿ ಕೈ ಆಡಿಸಿದರೆ ಅಮ್ಮನಿಗೆ ಆಗುತ್ತಿರಲಿಲ್ಲ. "ಕೈ ಕಟ್ಕೊಂಡು ನಡೀರೇ, ಜನ ನೋಡ್ತಾರೆ" ಎನ್ನುತ್ತಿದ್ದಳು. ಅಮ್ಮನದು ಕೆಟ್ಟ ಮನಸ್ಸಲ್ಲ, ಭಯ. ತಂಗಿಯನ್ನು ಕಿವುಡರ ಶಾಲೆಗೂ ಕಳಿಸಲಿಲ್ಲ. ಹಾಗಾಗಿ ನಾವಿಬ್ಬರೂ ಊಟದ ಮೇಜಿನ ಕೆಳಗೆ, ಹೊದಿಕೆಯ ಒಳಗೆ, ಅಮ್ಮನ ಬೆನ್ನ ಹಿಂದೆ ಮಾತಾಡಿ ಮಾತಾಡಿ ನಮ್ಮದೇ ಒಂದು ಭಾಷೆ ಕಟ್ಟಿಕೊಂಡೆವು. ಕದ್ದು ಆಡುವ ಮಾತನ್ನು ತೋಳು ಬೀಸಿ ಆಡಲಾಗುತ್ತದೆಯೇ? ಎಲ್ಲ ಬೆರಳ ತುದಿಯಲ್ಲೇ. ಕಿರುಬೆರಳು ಬಾಗಿಸಿದರೆ ಅಪ್ಪ. ಅದೇ ಬೆರಳು ಸ್ವಲ್ಪ ನಡುಗಿದರೆ ಅಪ್ಪನಿಗೆ ಕೋಪ ಬಂದಿದೆ, ಒಳಗೆ ಹೋಗಬೇಡ. ಅಮ್ಮನೂ ಹೋದಳು, ಅಪ್ಪನೂ ಹೋದ. ಈಗ ಈ ಭಾಷೆ ಬರುವವರು ಜಗತ್ತಿನಲ್ಲಿ ಇಬ್ಬರೇ, ನಾನು ಮತ್ತು ಆ ಸ್ಟೂಲಿನ ಮೇಲಿರುವವಳು.

ನಿಮ್ಮ ಕಣ್ಣೆದುರೇ ನಾನದನ್ನು ಇಷ್ಟು ವರ್ಷ ಆಡಿದ್ದೇನೆ, ಗೊತ್ತೇ? ಗಾಜಿನ ಕೋಣೆಯಲ್ಲಿ ನಿಮಗೆ ನಾನು ಕಾಣುತ್ತಿದ್ದುದು ಸೊಂಟದಿಂದ ಮೇಲೆ. ಕೈ ಮೇಜಿನ ಕೆಳಗೆ. ಬಾಯಿ ಬಸ್ಸು ಹೊರಡುವ ಸಮಯ ಹೇಳುತ್ತಿದ್ದರೆ ಬೆರಳೂ ಅದನ್ನೇ ಹೇಳುತ್ತಿತ್ತು. ಅಭ್ಯಾಸ ತಪ್ಪಬಾರದಲ್ಲ. ಒಮ್ಮೆ ನಮ್ಮ ಮೀಸೆ ಚಾಲಕರು ಬಾಗಿಲಿನಿಂದ ಇಣುಕಿ, "ಮೇಜಿನ ಕೆಳಗೆ ಯಾವಾಗ್ಲೂ ಏನು ಹೆಣೀತಿರ್ತೀರಿ ಮೇಡಂ?" ಎಂದರು. "ಸ್ವೆಟರ್" ಎಂದುಬಿಟ್ಟೆ. ಪಾಪ, ಪ್ರತಿ ಚಳಿಗಾಲಕ್ಕೂ "ಮುಗೀತಾ?" ಎಂದು ಕೇಳುತ್ತಾರೆ. ಮೀಸೆಯವರೇ, ಆ ಸ್ವೆಟರ್ ಮುಗಿಯುವುದಿಲ್ಲ, ಕ್ಷಮಿಸಿ.

ಮೆಸೇಜು ಹಾಕಬಹುದಲ್ಲ ಎಂದು ನೀವು ಕೇಳಬಹುದು. ಅವಳಿಗೆ ಓದು ಅಷ್ಟಕ್ಕಷ್ಟೇ. ಅಲ್ಲದೆ, ಬರೆದು ಜಗಳ ಆಡಲಾಗುತ್ತದೆಯೇ? ನಮಗೆ ದಿನಾ ಜಗಳ ಬೇಕು. ಕೆಲಸ ಮುಗಿಸಿ ಮನೆಗೆ ಬಂದು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತರೆ, ಅವಳ ಕೋಣೆಯ ಓನರಿನಿಂದ ಹಿಡಿದು ನನ್ನ ಮಂಡಿ ನೋವಿನ ತನಕ ಎಲ್ಲಕ್ಕೂ ಜಗಳ. ಅವಳ ಕಾರ್ಖಾನೆಯಲ್ಲಿ ಯಾರಿಗೂ ಅವಳ ಮಾತು ತಿಳಿಯದು. ದಿನವಿಡೀ ತಡೆದುಕೊಂಡದ್ದನ್ನೆಲ್ಲ ನನ್ನ ಮುಂದೆ ಸುರಿಯುತ್ತಾಳೆ.

ಫೋನು ಕೊಳ್ಳಲು ಹೋದಾಗ ಜನ ಬಣ್ಣ ನೋಡುತ್ತಾರೆ, ಕ್ಯಾಮೆರಾ ನೋಡುತ್ತಾರೆ. ನನ್ನ ತಂಗಿ ಏನು ಮಾಡಿದಳು ಕೇಳಿ. ಮೊದಲು ಒಂದು ಅಗ್ಗದ ಪ್ಲಾನು ತೆಗೆದುಕೊಂಡಿದ್ದಳು. ತಿಂಗಳು ಪೂರ್ತಿ ಎಷ್ಟು ಬೇಕಾದರೂ ಮಾತು ಉಚಿತ, ವಿಡಿಯೋಗೆ ಮಾತ್ರ ಕತ್ತರಿ. ಕಂಪನಿಯ ಕೌಂಟರಿಗೆ ಹೋಗಿ ಚೀಟಿ ತೋರಿಸಿದಳು, ನಾನೇ ಬರೆದುಕೊಟ್ಟಿದ್ದೆ: ನನಗೆ ಮಾತು ಬರಲ್ಲ, ಮಾತು ವಾಪಸ್ ತಗೊಂಡು ವಿಡಿಯೋ ಕೊಡಿ. ಕೌಂಟರಿನವನು ಓದಿದ, ಮತ್ತೆ ಓದಿದ, ಆಮೇಲೆ ಇನ್ನಷ್ಟು ಜೋರಾಗಿ ಕಿರುಚಿ ಉತ್ತರ ಕೊಟ್ಟನಂತೆ! ಮಾತಿಲ್ಲದ ಪ್ಲಾನೇ ಇಲ್ಲ ಎಂದನೋ ಏನೋ. ಅವಳು ಅವನ ಬಾಯಿ ತೆರೆದದ್ದನ್ನು ಇವತ್ತಿಗೂ ಮಾಡಿ ತೋರಿಸಿ ನಗಿಸುತ್ತಾಳೆ. ಅಲ್ಲಿಂದ ಅಂಗಡಿ ಅಂಗಡಿ ಸುತ್ತಿದಳು. ಅಂಗಡಿಯವರ ಕೈಗೆ ಒಂದು ಫೋನು, ತನ್ನ ಕೈಯಲ್ಲಿ ಇನ್ನೊಂದು. ಬೀದಿಯ ಆಚೆ ಹೋಗಿ ನಿಂತು ವಿಡಿಯೋದಲ್ಲಿ ಒಂದು ಬೆರಳು ಮಡಚುವುದು. ಯಾವ ಬೆರಳೆಂದು ಅಂಗಡಿಯವರು ತೋರಿಸಿದರೆ ಸರಿ, ಇಲ್ಲದಿದ್ದರೆ ಮುಂದಿನ ಅಂಗಡಿ. ಕೊನೆಗೆ ಒಂದೇ ಒಂದು ಕಂಪನಿ ಪಾಸಾಯಿತು, ಇಬ್ಬರೂ ಅದರ ಸಿಮ್ಮೇ ಹಾಕಿಕೊಂಡೆವು. ಅದು ದುಬಾರಿ, ಫೋನು ಕಂತಿನಲ್ಲೂ ಕೊಡುವುದಿಲ್ಲ. ಅದಕ್ಕೇ ನನ್ನ ಫೋನಿನ ಗಾಜು ಇನ್ನೂ ಒಡೆದೇ ಇದೆ.

ಒಂದು ನಿಮಿಷ. ಸ್ವಲ್ಪ ತಾಳಿ. ಮತ್ತೆ ಅದೇ. ಅವಳು ಕೈ ಸುತ್ತಿಸುತ್ತಿದ್ದಾಳೆ, 'ಇನ್ನೊಮ್ಮೆ ಹೇಳು' ಎಂದು. ನಾನು ಶುರು ಮಾಡಿದಾಗಿನಿಂದ ಅದನ್ನೇ ಹೇಳುತ್ತಿದ್ದಾಳೆ. ನಿಮಗೆ ನನ್ನ ಭಾಷಣ ತಲುಪಿದೆ, ಅವಳಿಗೆ ಒಂದಕ್ಷರವೂ ತಲುಪಿಲ್ಲ.

ಅತಿಥಿಗಳೇ, ದಯವಿಟ್ಟು ಒಂದು ಉಪಕಾರ ಮಾಡಿ. ಕೆಳಗಿಳಿದು ಆ ಫೋನು ನೋಡಿ. ಅವಳಿಗೆ ಬೆರಳು ಮಡಚಲು ಹೇಳಿದ್ದೇನೆ, ಅಷ್ಟು ದೊಡ್ಡದಾಗಿ ಹೇಳಿದರೆ ಮಬ್ಬಿನಲ್ಲೂ ತಿಳಿಯುತ್ತದೆ. ಯಾವ ಬೆರಳು? ಅಧ್ಯಕ್ಷರೇ, ನೀವೂ ನೋಡಿ. ಹತ್ತಿರ ಹೋಗಿ... ಬೇಡ, ಊಹಿಸಬೇಡಿ. ನಿಮ್ಮ ಮುಖ ನೋಡಿದರೇ ಗೊತ್ತಾಯಿತು. ಕೈಯಿದೆ, ಬೆರಳಿಲ್ಲ, ಅಲ್ಲವೇ?

ಅತಿಥಿಗಳೇ, ಇದು ನಿಮ್ಮ ತಪ್ಪಲ್ಲಪ್ಪ. ಪ್ಲಾನು ಮಾಡಿದವರು ಎಲ್ಲೋ ಮೇಲೆ ಕೂತಿದ್ದಾರೆ, ನೀವು ಹೆಬ್ಬೆರಳು ಕೂಡಿಸಿಕೊಂಡು ಹೋಗಬೇಕಾದವರು. ಅಧ್ಯಕ್ಷರೇ, ಮೂರನೇ ಪ್ಲಾಟ್‌ಫಾರಂನ ಸ್ಪೀಕರ್ ಗೊರಗೊರ ಎನ್ನುತ್ತಿದ್ದ ಕಾಲ ನಿಮಗೆ ನೆನಪಿದೆಯೇ? ಒಬ್ಬ ಅಜ್ಜಿ ನನ್ನ ಘೋಷಣೆ ಕೇಳಿಯೂ ತಪ್ಪು ಬಸ್ಸು ಹತ್ತಿಬಿಟ್ಟರು. ನಾನು ದೂರು ಕೊಟ್ಟರೆ ನೀವು, "ಶಬ್ದ ಬರ್ತಿದೆಯಲ್ಲಮ್ಮ, ಇನ್ನೇನು ಬೇಕು?" ಎಂದಿರಿ. ಹೊಸ ಸ್ಪೀಕರ್ ಬರುವವರೆಗೆ ನಾನು ಮೂರನೇ ಪ್ಲಾಟ್‌ಫಾರಂಗೆ ಓಡಿ ಓಡಿ ಬಾಯಲ್ಲೇ ಕೂಗಿ ಹೇಳಿದೆ. ಗೊರಗೊರ ಎನ್ನುವ ಸ್ಪೀಕರಿನಲ್ಲಿ ಪ್ರಯಾಣಿಕರ ಹತ್ತಿರ ಮಾತಾಡದವಳು, ಮಬ್ಬು ಫೋನಿನಲ್ಲಿ ನನ್ನ ತಂಗಿಯ ಹತ್ತಿರ ಹೇಗೆ ಮಾತಾಡಲಿ? ಇನ್ನೆರಡು ವರ್ಷ, ದಿನಾ?

ಆದ್ದರಿಂದ, ಸಭಿಕರೇ, ನಾನು ಹೆಬ್ಬೆರಳು ಒತ್ತುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರೀತಿ ಬೇಡವೆಂದಲ್ಲ. ಅಷ್ಟನ್ನೂ ಇಟ್ಟುಕೊಳ್ಳುತ್ತೇನೆ, ಫೋನೊಂದನ್ನು ಬಿಟ್ಟು. ಹಾಗಂತ ಅದು ಕೆಟ್ಟ ಫೋನಲ್ಲ. ಕ್ಯಾಂಟೀನ್ ಅಕ್ಕ, ಎದ್ದು ನಿಲ್ಲಿ. ಮಗಳ ಹತ್ತಿರ ಮಾತಿಗೆ ಕೂತು ನೀವು ಎಷ್ಟು ಸಲ ಹಾಲು ಉಕ್ಕಿಸಿದ್ದೀರಿ? ಮಧ್ಯದಲ್ಲಿ ದುಡ್ಡು ಮುಗಿದು ಕಾಲ್ ಕಟ್ಟಾಗಿ ಎಷ್ಟು ಸಲ ಕಂಪನಿಗೆ ಶಾಪ ಹಾಕಿದ್ದೀರಿ? ಎಷ್ಟು ಬೇಕಾದರೂ ಮಾತು ಉಚಿತವಂತೆ. ಈ ಊರಿನಲ್ಲಿ ಅದು ನಿಮಗಲ್ಲದೆ ಇನ್ಯಾರಿಗೆ? ಅತಿಥಿಗಳೇ, ನಿಮಗೆ ಬೇಕಾದ್ದು ಒಂದು ಹೆಬ್ಬೆರಳು, ಅದು ಮುಂದಿನ ಸಾಲಿನಲ್ಲೇ ಇದೆ. ಫೋಟೋ ಕೂಡ ಚೆನ್ನಾಗಿ ಬರುತ್ತದೆ, ಅಕ್ಕನ ಸೀರೆ ಹೊಸದು.

ಅಳಬೇಡಿ ಅಕ್ಕ. ಮೊದಲು ನನ್ನ ಕೆಲಸ ಮಾಡಿ. ಇಗೋ ನನ್ನ ಹಳೆಯ ಫೋನು, ಕಾಲ್ ಹೋಗುತ್ತಿದೆ. ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿಸಿ. ಇನ್ನೂ ಸ್ವಲ್ಪ ಮೇಲೆ. ಬ್ಯಾಟರಿ ಸಾಯುತ್ತಾ ಬಂದಿದೆ, ಅಲುಗಾಡಿಸಬೇಡಿ. ಬಂದಳು.

ಸಭಿಕರೇ, ಈಗ ಸ್ವಲ್ಪ ಹೊತ್ತು ನಾನು ನಿಮ್ಮ ಹತ್ತಿರ ಮಾತಾಡುವುದಿಲ್ಲ. ಅಧ್ಯಕ್ಷರಿಂದ ಹಿಡಿದು ಮೀಸೆಯವರವರೆಗೆ ಎಲ್ಲರನ್ನೂ ಅವಳಿಗೆ ಹೇಳಬೇಕು. ಮೈಕು ಸುಮ್ಮನಿದ್ದರೆ ಕೆಟ್ಟಿದೆ ಎಂದು ತಟ್ಟಬೇಡಿ.

...

ಧನ್ಯವಾದ. ಇಷ್ಟು ಜನರ ಮುಂದೆ, ಇಷ್ಟು ಬೆಳಕಿನಲ್ಲಿ, ನಮ್ಮ ಮಾತನ್ನು ನಾನು ಆಡಿದ್ದು ಜನ್ಮದಲ್ಲಿ ಇದೇ ಮೊದಲು. ಅಮ್ಮ ಇದ್ದಿದ್ದರೆ ಕೈ ಹಿಡಿದು ಕೆಳಗಿಳಿಸುತ್ತಿದ್ದಳು. ತಂಗಿ ಏನಂದಳು ಎಂದು ಕೇಳುತ್ತೀರಾ? "ಮಾತಾಡುವಾಗ ನೀನು ಬಾಯಿ ಇಷ್ಟು ದೊಡ್ಡದಾಗಿ ತೆರೀತೀಯಾ? ಆ ಕೌಂಟರಿನವನ ಥರಾನೇ ಇದ್ದೀಯ" ಎಂದಳು. ಆಮೇಲೆ, "ಜನ ನೋಡ್ತಿದ್ದಾರೆ" ಎಂದಳು. "ನೋಡಲಿ" ಎಂದೆ.

ಬ್ಯಾಟರಿ ಕೆಂಪಾಗಿದೆಯೆಂದು ಅಕ್ಕ ಸನ್ನೆ ಮಾಡುತ್ತಿದ್ದಾರೆ. ಅರೆ, ಅಕ್ಕನಿಗೂ ಸನ್ನೆ ಬಂತು! ಕರೆದವರಿಗೆ, ಬಂದವರಿಗೆ, ಹಣ ಹಾಕಿದವರಿಗೆ, ಬೈದುಕೊಂಡವರಿಗೆ, ಜಿಪುಣಿ ಎಂದವರಿಗೆ, ಎಲ್ಲರಿಗೂ ನನ್ನ ಧನ್ಯವಾದ. ಇಷ್ಟು ಹೊತ್ತೂ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿದೆ, ಬಾಯಲ್ಲಿ ಒಮ್ಮೆ, ಬೆರಳಲ್ಲಿ ಒಮ್ಮೆ. ಕೊನೆಯದೊಂದನ್ನು ಹಾಗೆ ಹೇಳಬೇಕಾಗಿಲ್ಲ. ಈ ಎರಡು ಕೈ ಜೋಡಿಸಿದರೆ ನಿಮಗೂ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ.

ನಮಸ್ಕಾರ.